ಹಲ್ಲಲ್ಲಿ ಕಚ್ಚಿದ ಬೀಸುಬಲೆ

ಮಾವನ ಬಲಭುಜ ನೋಡಿದ ಕುಂದಾಪುರದ ಡಾಕ್ಟರು ಇನ್ನು ಬಲೆ ಬೀಸಬಾರದು ಅಂದರು. ಮನೆಗೆ ಬಂದ ಮಾವ ತಾವೇ ಹೆಣೆದ ಬೀಸುಬಲೆಯನ್ನು ಜಗಲಿಯ ಗೂಟಕ್ಕೆ ನೇತುಹಾಕಿದರು.

"ಈ ತಿಂಗ್ಳ್ ಕಡಿಗೆ ನಮ್ ಮನಿಯವ್ರ್ ಯಾರಾರೂ ಬೀಸುಕ್ ಕಲ್ತ್ರೆ ಸೈ. ಇಲ್ದಿರೆ ಆಚಿಮನಿಯವಂಗ್ ಕೊಡ್ತೆ. ಸುಮ್ನೆ ನೇತ್ ಹಾಕ್ರೆ ಇಲಿ ತಿಂತ್ತ್."

ಮನೆಯವರು ಯಾರಾದರೂ ಎಂದರೆ ನಾನೇ. ಮಾವನ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದಾರೆ. ನಾನು ಅವರ ತಂಗಿಯ ಮಗ, ಉಪ್ಪುಂದದ ಅವರ ಮನೆಯಲ್ಲೇ ಬೆಳೆದವನು, ಬೈಂದೂರಿನ ಅಂಗಡಿಯೊಂದರಲ್ಲಿ ಮೊಬೈಲಿಗೆ ಗಾಜು ಅಂಟಿಸುವವನು. ಊರಲ್ಲಿ ನನ್ನ ಹೆಸರು ಕೆಟ್ಟಿರುವುದು ಬೇರೆ ಕಾರಣಕ್ಕೆ. ಬಸ್ ಕಂಡಕ್ಟರ್, ಭಟ್ಟರು, ಮೀನು ಮಾರುವ ನನ್ನ ಅತ್ತೆ, ಯಾರನ್ನು ಬೇಕಾದರೂ ಅಣಕಿಸಿ ತೋರಿಸುತ್ತೇನೆ. ಮಾವ ಬಲೆ ಬೀಸುವುದನ್ನಂತೂ ಮದುವೆಮನೆಗಳಲ್ಲಿ ಹೆಗಲ ಮೇಲಿನ ಬೈರಾಸು ಹಿಡಿದು ಎಷ್ಟೋ ಸಲ ಮಾಡಿದ್ದೆ. ಹಾಗಾಗಿ ಕಲಿಯಲು ಏನಿದೆ ಎಂದುಕೊಂಡೆ. ಬಲೆ ಆಚೆಮನೆಗೆ ಹೋದರೆ ಮಾವ ದಿನಾ ಅದನ್ನು ಬೇರೆಯವರ ಹೆಗಲಲ್ಲಿ ನೋಡಬೇಕು. ಅದು ನನಗೆ ಬೇಡವಾಗಿತ್ತು.

ಮರುದಿನ ಬೆಳಿಗ್ಗೆ ಅಳಿವೆಯ ನೀರಿಗಿಳಿದೆ. ಮಾವ ದಂಡೆಯ ಕಲ್ಲಿನ ಮೇಲೆ ಕೂತರು. ಬೀಸುಬಲೆಗೆ ಎರಡು ಕೈ ಸಾಲದು. ಅರ್ಧ ಬಲೆ ಎಡಗೈಯಲ್ಲಿ, ಅರ್ಧ ಬಲಗೈಯಲ್ಲಿ, ಸೀಸದ ಗುಂಡು ಕಟ್ಟಿದ ಅಂಚು ಹಲ್ಲಲ್ಲಿ. ಮೈ ತಿರುಗಿಸಿ ಕೈ ಬಿಡುವಾಗಲೇ ಬಾಯಿಯೂ ಬಿಡಬೇಕು. ಅಂದರೆ ಅಲ್ಲಿಯವರೆಗೆ ಮಾತಾಡುವಂತಿಲ್ಲ.

ಬಲೆಯ ಮೇಲೆ ಕಣ್ಣಿಟ್ಟಿದ್ದ ಆಚೆಮನೆಯವರು ದಂಡೆಗೆ ಬಂದು, "ಹ್ವಾಯ್, ಬಲಿ ಬೀಸುದಾ, ಬಟ್ಟಿ ಒಗುದಾ?" ಅಂದರು. ಉತ್ತರ ನನ್ನ ಹತ್ತಿರ ತಯಾರಿತ್ತು. ಬಾಯಿ ತೆರೆದೆ. ಗುಂಡುಗಳೆಲ್ಲ ನನ್ನ ಕಾಲಿನ ಮೇಲೇ ಬಿದ್ದವು.

"ಉತ್ರ ಮನಿಗ್ ಹೋಯಿ ಕೊಡ್," ಅಂದರು ಮಾವ.

ಎರಡನೇ ದಿನ ಹಟಕ್ಕೆ ಬಿದ್ದು ಬಾಯಿ ಎಷ್ಟು ಗಟ್ಟಿಯಾಗಿ ಮುಚ್ಚಿದೆನೆಂದರೆ ಬಲೆ ಹೋಯಿತು, ಹಲ್ಲು ಬಿಡಲಿಲ್ಲ. ನನ್ನ ಮುಂದಿನ ಹಲ್ಲಿನ ಒಂದು ಚೂರು ಈಗಲೂ ಆ ನೀರಲ್ಲೇ ಇದೆ. ಮಧ್ಯಾಹ್ನ ಗಂಜಿ ಬಡಿಸುತ್ತಾ ಅತ್ತೆ ನನ್ನ ಮುರಿದ ಹಲ್ಲು ನೋಡಿ, "ಈಗ್ ಕಾಂಬುಕೆ ಅಡ್ಡಿಲ್ಲ ನೀನ್," ಅಂದರು.

ಮೂರನೇ ವಾರಕ್ಕೆ ಬಾಯಿ, ಕೈ ಎರಡೂ ಒಂದಕ್ಕೊಂದು ಹೊಂದಿಕೊಂಡವು. ಆದರೂ ಬಲೆಯ ಎಡಬದಿ ಮುದುಡಿ, ಮಡಚಿದ ದೋಸೆಯ ಹಾಗೆ ಬೀಳುತ್ತಿತ್ತು. ತಿಂಗಳು ಮುಗಿಯಲು ನಾಲ್ಕೇ ದಿನ. ಆಚೆಮನೆಯವರು ಬಲೆಯ ಕಣ್ಣುಗಳನ್ನು ಮುಟ್ಟಿ ಮುಟ್ಟಿ ನೋಡತೊಡಗಿದ್ದರು. ಅವತ್ತು ಮಾವ ಬಲೆ ನೋಡುವುದು ಬಿಟ್ಟು ನನ್ನ ಕಾಲನ್ನೇ ನೋಡಿದರು.

"ಅಲ್ಲ, ಬೀಸುವಾಗ ನೀ ಎಡಗಾಲ್ ಎಂತಕ್ ಎಳಿತೆ?"

"ನೀವ್ ಎಳಿತ್ರಿ ಅಲ್ದಾ, ಮಾವ?"

"ನಂಗ್ ಮೊಣ್ಕಾಲ್ ನೋವ್ ಮಾರಾಯ, ಹತ್ತ್ ವರ್ಷ ಆಯ್ತ್. ನಿಂಗ್ ಎಂತ ಆಯ್ತ್?"

ನನಗೆ ಏನೂ ಆಗಿರಲಿಲ್ಲ. ಮದುವೆಮನೆಯಲ್ಲಿ ಜನ ನಗುತ್ತಿದ್ದದ್ದೇ ಆ ಕಾಲೆಳೆತಕ್ಕೆ. ಅದನ್ನೂ ವಿದ್ಯೆಯೆಂದು ತಿಳಿದು ಮೂರು ವಾರ ಶ್ರದ್ಧೆಯಿಂದ ಕುಂಟಿದ್ದೆ. ನೋವಿನಿಂದ ಎಂದು ಗೊತ್ತಿರಲಿಲ್ಲ. ಯಾವತ್ತೂ ಕೇಳಿರಲಿಲ್ಲ. ಮಾವ ಎದುರಿಗೇ ಕೂತು, ಎಲ್ಲರ ಜೊತೆ ನಕ್ಕದ್ದೂ ಉಂಟು.

ಮೈಗೆ ಅಂಟಿದ ಮಾವನನ್ನು ಬಿಡಿಸಿಕೊಳ್ಳಲು ಉಳಿದ ನಾಲ್ಕು ದಿನವೂ ಬೇಕಾಯಿತು. ಕೊನೆಯ ಬೆಳಿಗ್ಗೆ ಎರಡೂ ಕಾಲು ಊರಿ, ನನ್ನದೇ ಸೊಂಟ ತಿರುಗಿಸಿ ಬೀಸಿದೆ. ಬಲೆ ಬಿಚ್ಚಿಕೊಂಡಿತು. ಪೂರ್ತಿ ದುಂಡಗಲ್ಲ, ಮೊಟ್ಟೆಯ ಆಕಾರ. ಎಳೆದಾಗ ಒಂದು ಹಿಡಿ ಸಿಗಡಿ, ಎರಡು ಕಾಣೆ ಮೀನು, ಒಂದು ಪ್ಲಾಸ್ಟಿಕ್ ಬಾಟಲಿ. ಕಲ್ಲಿಗಂಟಿದ ಚಿಪ್ಪು ತಾಗಿ ಬಲೆ ಒಂದು ಕಡೆ ಹರಿದೂ ಇತ್ತು.

ಮಾವ ಹರಿದ ಜಾಗಕ್ಕೆ ಬೆರಳು ತೂರಿಸಿ ನೋಡಿದರು. ಆಮೇಲೆ ಆಚೆಮನೆಯವರ ಕಡೆ ತಿರುಗಿ, "ನೀ ಬೇರೆ ಬಲಿ ಕಾಣ್ಕೋ," ಅಂದರು.

"ಹರ್ದ್ ಬಲಿ ನಂಗೆಂತಕೆ," ಎನ್ನುತ್ತಾ ಅವರು ಹೊರಟರು.

"ಸೂಜಿ, ನೂಲ್ ಅತ್ತೆ ಹತ್ರ ಇತ್ತ್," ಎಂದರು ಮಾವ ನನಗೆ. "ಇವತ್ತೇ ಹೊಲುಕೆ ಕೂಕೋ."

ಬಲೆ ಹೊಲಿಯುವಾಗ ಮಾವ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ತಲೆ ಒಂದು ಬದಿಗೆ ವಾಲಿಸುತ್ತಾರೆ. ಅದು ಹೊಲಿಗೆಗೆ ಬೇಕೋ ಬೇಡವೋ ಎಂದು ಈ ಸಲ ಮೊದಲೇ ಕೇಳಿಕೊಂಡೆ.