ಮೊದಲು ಹಾಡಿದವಳು

ಜೆಮ್ಮಾ ಬುಸುತ್ತಿಲ್ ಏಳು ವರ್ಷ ನನ್ನ ಗ್ಯಾರೇಜಿನಲ್ಲಿ ಹಾಡಿದಳು. ಸುಮಾರು ನೂರಾ ಎಂಬತ್ತು ಹಾಡುಗಳು. ಅವುಗಳಲ್ಲಿ ಎರಡು ಯುರೋಪಿನ ದೇಶಗಳ ಹಾಡಿನ ಸ್ಪರ್ಧೆಯವರೆಗೂ ಹೋದವು. ಎರಡನ್ನೂ ಅಲ್ಲಿ ಹಾಡಿದವರು ಬೇರೆಯವರು.

ತೊಂಬತ್ತರ ದಶಕದ ಮಾತು. ಮಾಲ್ಟಾ ಆ ಸ್ಪರ್ಧೆಗೆ ಮತ್ತೆ ಕಾಲಿಟ್ಟಿತ್ತು. ಅಲ್ಲಿಗೆ ಕಳಿಸುವ ಹಾಡನ್ನು ಆರಿಸುವ ಅಂತಿಮ ಸುತ್ತು ಫೆಬ್ರುವರಿಯಲ್ಲಿ ನಡೆಯುತ್ತಿದ್ದರೂ ಜನಕ್ಕೆ ಜ್ವರ ಹತ್ತುತ್ತಿದ್ದದ್ದು ಅಕ್ಟೋಬರಿನಲ್ಲೇ. ಬ್ಯಾಂಕಿನ ಗುಮಾಸ್ತರು, ಪೊಲೀಸರು, ಶಾಲಾ ಮೇಷ್ಟ್ರುಗಳು ಎಲ್ಲರೂ ಹಾಡು ಕಟ್ಟುವವರೇ. ಅವರೆಲ್ಲ ಹಾಡನ್ನು ಕ್ಯಾಸೆಟ್ಟಿಗೆ ಇಳಿಸಲು ಹಮ್ರುನ್‌ನ ನನ್ನ ಗ್ಯಾರೇಜಿಗೆ ಬರುತ್ತಿದ್ದರು. ಗೋಡೆಗೆ ಹಳೆಯ ಹಾಸಿಗೆ ಹೊಡೆದು ಮಾಡಿಕೊಂಡ ಧ್ವನಿಮುದ್ರಣದ ಕೋಣೆ ಅದು. ಕ್ಯಾಸೆಟ್ಟಿನ ಮೇಲೆ ಒಂದು ಗುಪ್ತನಾಮ ಮಾತ್ರ ಇರಬೇಕು. ಹಾಡು ಕಟ್ಟಿದವರ ಮತ್ತು ಹಾಡುವವರ ನಿಜವಾದ ಹೆಸರು ಬೇರೆ ಲಕೋಟೆಯಲ್ಲಿ, ಮುದ್ರೆ ಒತ್ತಿ. ತೀರ್ಪುಗಾರರು ನೂರೈವತ್ತು ಕ್ಯಾಸೆಟ್ ಕೇಳಿ ಇಪ್ಪತ್ತನ್ನು ಆರಿಸಿದ ಮೇಲೆಯೇ ಲಕೋಟೆ ಒಡೆಯುವುದು.

ಹೆಸರು ಮಾಡಿದ ಗಾಯಕಿಯರಿಗೆ ಮಾದರಿ ಕ್ಯಾಸೆಟ್ಟಿಗೆಲ್ಲ ಹಾಡಲು ಪುರುಸೊತ್ತಿರಲಿಲ್ಲ. ಆ ಕೆಲಸ ಜೆಮ್ಮಾಳದು.

ಅವಳು ಝೈತೂನ್ ಊರಿನವಳು. ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಜಿಪ್ ಕೂರಿಸುವ ಸಾಲಿನಲ್ಲಿ ಕೆಲಸ. ಗಂಡ ಸಲ್ವು ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದ. ಸಂಜೆ ನಾಲ್ಕೂವರೆಗೆ ಕಾರ್ಖಾನೆಯ ವ್ಯಾನು ನಮ್ಮ ಬೀದಿಯ ತುದಿಯಲ್ಲಿ ಅವಳನ್ನು ಇಳಿಸುತ್ತಿತ್ತು. ಬಂದವಳು ಕೈ ತೊಳೆದುಕೊಂಡು, ಕನ್ನಡಕ ಹಾಕಿಕೊಂಡು, ಪಕ್ಕದ ಬೇಕರಿಯ ಒಲೆಯಿಂದ ಬೆಚ್ಚಗಿರುತ್ತಿದ್ದ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಸ್ವರಲಿಪಿ ಓದಲು ಅವಳಿಗೆ ಬರುತ್ತಿರಲಿಲ್ಲ. ಪಿಯಾನೊದಲ್ಲಿ ಎರಡು ಸಲ ನುಡಿಸಿದರೆ ಮೂರನೇ ಸಲಕ್ಕೆ ಹಾಡು ಅವಳದಾಗಿರುತ್ತಿತ್ತು. ಯಾವ ಅಲಂಕಾರವನ್ನೂ ಸೇರಿಸದೆ ಹಾಡುತ್ತಿದ್ದಳು. "ಜೆಮ್ಮಾ ಬಿಳೀ ತಟ್ಟೆ ಇದ್ದ ಹಾಗೆ," ಎನ್ನುತ್ತಿದ್ದ ಲಿನೊ ಸ್ಕೆಂಬ್ರಿ. "ಏನ್ ಬಡಿಸಿದ್ರೂ ಅದೇ ಕಾಣತ್ತೆ, ತಟ್ಟೆ ಕಾಣಲ್ಲ." ಹೊಗಳಿಕೆ ಎಂದೇ ಅವನು ಅದನ್ನು ಹೇಳುತ್ತಿದ್ದ.

ಈ ಲಿನೊ ಹಗಲು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ, ಸಂಜೆ ಹಾಡು ಕಟ್ಟುತ್ತಿದ್ದ. ಜೆಮ್ಮಾ ಅವನನ್ನು ಮರ್ಯಾದೆಯಿಂದ ಸುರ್ ಲಿನೊ ಎಂದೇ ಕರೆಯುತ್ತಿದ್ದಳು. ನಾಲ್ಕು ಸಲ ಅಂತಿಮ ಸುತ್ತಿಗೆ ಬಂದವನು, ಒಮ್ಮೆಯೂ ಗೆದ್ದಿರಲಿಲ್ಲ. ನಾನು ಹೇಳಹೊರಟ ವರ್ಷ ಅವನು ನಿಜಕ್ಕೂ ಒಳ್ಳೆಯ ಹಾಡೊಂದನ್ನು ತಂದ. ಸಮುದ್ರದ ಗಾಳಿ ಕಿಟಕಿಯ ಗಾಜಿಗೆ ಉಪ್ಪು ಹಚ್ಚಿಹೋಗುತ್ತದೆ, ಒಬ್ಬ ಹೆಂಗಸು ಅದನ್ನು ದಿನಾ ಒರೆಸುತ್ತಾಳೆ. ಹಾಡೆಂದರೆ ಅಷ್ಟೇ. ಜೆಮ್ಮಾ ಅದನ್ನು ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ಮುಗಿದ ಮೇಲೆ ಕನ್ನಡಕ ತೆಗೆದು, "ಇದು ಚೆನ್ನಾಗಿದೆ ಸುರ್ ಲಿನೊ," ಎಂದಳು. ಅವಳು ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಆ ವರ್ಷ ಹೊಸ ನಿಯಮವೊಂದು ಬಂದಿತ್ತು. ಕ್ಯಾಸೆಟ್ಟಿನಲ್ಲಿ ಯಾರ ದನಿ ಇದೆಯೋ ಅವರೇ ವೇದಿಕೆಯ ಮೇಲೂ ಹಾಡಬೇಕು. ಲಿನೊ ತನ್ನ ಹಾಡನ್ನು ರೊಮಿನಾ ತೊನ್ನಾಳ ಹೆಸರಿನಲ್ಲಿ ಕಳಿಸುವವನಿದ್ದ. ರೊಮಿನಾಳ ಚಿತ್ರ ಆಗ ಬಸ್ಸುಗಳ ಮೇಲೆಲ್ಲ ಇತ್ತು. ಆದರೆ ಅವಳು ಪ್ರವಾಸಿ ಹಡಗೊಂದರಲ್ಲಿ ಹಾಡಲು ಹೋಗಿದ್ದಳು. ಬರುವುದು ಸೋಮವಾರ. ಕ್ಯಾಸೆಟ್ ಕೊಡಲು ಕೊನೆಯ ದಿನ ಅದಕ್ಕೆ ಮುಂಚಿನ ಶುಕ್ರವಾರ.

"ಜೆಮ್ಮಾ ಹಾಡಿದ್ದನ್ನೇ ಕಳಿಸೋಣ ಝಾರೆನ್," ಎಂದ ಲಿನೊ. "ಲಕೋಟೇಲಿ ರೊಮಿನಾ ಹೆಸರು ಬರೀತೀನಿ. ಮೊದಲನೇ ಜರಡಿ ಇದು. ಯಾರು ಕಿವಿಗೊಟ್ಟು ಕೇಳ್ತಾರೆ?"

ನಾನು ಬೇಡವೆನ್ನಲಿಲ್ಲ. ಪ್ರತಿ ತೆಗೆದುಕೊಟ್ಟವನೂ ಅದರ ಮೇಲೆ ಗುಪ್ತನಾಮದ ಚೀಟಿ ಬರೆದು ಅಂಟಿಸಿದವನೂ ನಾನೇ. ಜೆಮ್ಮಾಳಿಗೆ ನಾವಿಬ್ಬರೂ ಹೇಳಲಿಲ್ಲ.

ಹಾಡು ಇಪ್ಪತ್ತರೊಳಗೆ ಬಂತು. ಎಲ್ಲಕ್ಕಿಂತ ಹೆಚ್ಚು ಅಂಕ ಅದಕ್ಕೇ ಎಂದು ಆಮೇಲೆ ತಿಳಿಯಿತು. ಲಕೋಟೆ ಒಡೆದು ಹೆಸರು ಓದಿದಾಗ ಗೊಜೊ ದ್ವೀಪದಿಂದ ಬಂದಿದ್ದ ತೀರ್ಪುಗಾರ್ತಿ, ನಿವೃತ್ತ ಸಂಗೀತ ಟೀಚರ್ ಸಿನ್ಯೋರಾ ಅಟಾರ್ಡ್, ತಲೆ ಅಲ್ಲಾಡಿಸಿದರಂತೆ. "ರೊಮಿನಾ ಹತ್ತು ವರ್ಷ ನನ್ನ ಹತ್ರ ಕಲಿತೋಳು. ಇದು ಅವಳಲ್ಲ. ಅವಳಿಗೆ ಇಷ್ಟು ಸರಳವಾಗಿ ಹಾಡೋಕೆ ಬರಲ್ಲ."

ಸಮಿತಿಯವರು ಲಿನೊನಿಂದ ಬರಹದಲ್ಲಿ ಉತ್ತರ ಕೇಳಿದರು. ಅವನು ಒಂದು ಕಾಗದ ಟೈಪು ಮಾಡಿಸಿಕೊಂಡು ಭಾನುವಾರ ಝೈತೂನ್‌ಗೆ ಹೊರಟ. ನನ್ನನ್ನೂ ಎಳೆದುಕೊಂಡು ಹೋದ.

ಜೆಮ್ಮಾ ಅಡುಗೆಮನೆಯಲ್ಲಿ ಮಾಂಸ ತುಂಬಲು ಗುಂಡು ಸೋರೆಕಾಯಿಗಳ ತಿರುಳು ತೆಗೆಯುತ್ತಿದ್ದಳು. ಸಲ್ವು ಕಿಟಕಿಯ ಹತ್ತಿರ ಪತ್ರಿಕೆ ಹಿಡಿದು ಕುಳಿತಿದ್ದ. ಲಿನೊ ಕ್ಯಾಸೆಟ್ಟಿನ ಕತೆ ಹೇಳಿ ಕಾಗದ ಮುಂದಿಟ್ಟ. ಕ್ಯಾಸೆಟ್ಟಿನ ಮುಖ್ಯ ದನಿ ರೊಮಿನಾಳದು, ಜೆಮ್ಮಾ ಬುಸುತ್ತಿಲ್ ಹಿಂದಿನಿಂದ ದನಿಗೂಡಿಸಿದ್ದು ಮಾತ್ರ ಎಂದು ಅದರಲ್ಲಿತ್ತು.

ಅವಳು ಕೈ ಒರೆಸಿಕೊಂಡು ಎರಡು ಸಲ ಓದಿದಳು.

"ಇದು ಹೀಗಲ್ಲವಲ್ಲ, ಸುರ್ ಲಿನೊ."

"ಅಲ್ಲ ಅಂತ ನಂಗೂ ಗೊತ್ತು. ಯಾರಿಗೆ ನಷ್ಟ ಹೇಳು? ಹಾಡು ನಂದು, ವೇದಿಕೆ ರೊಮಿನಾದು. ನೀನಂತೂ ಅಲ್ಲಿ ಹೋಗಿ ನಿಲ್ಲೋಳಲ್ಲ."

"ನಿಲ್ಲಲ್ಲ ಅಂತ ನಾನ್ಯಾವಾಗ ಹೇಳಿದ್ದೆ?"

"ನಿಲ್ತೀನಿ ಅಂತಾನೂ ಹೇಳ್ಲಿಲ್ಲವಲ್ಲ."

"ನೀವು ಕೇಳ್ಲೂ ಇಲ್ಲ."

ಲಿನೊ ನನ್ನ ಮುಖ ನೋಡಿದ. ನಾನು ಸೋರೆಕಾಯಿ ನೋಡುತ್ತಿದ್ದೆ. ಸಲ್ವು ಪತ್ರಿಕೆಯ ಹಿಂದಿನಿಂದಲೇ, "ಬಿಟ್ಬಿಡಿ ಸುರ್ ಲಿನೊ. ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು, ಅವಳು ನಂಗೆ ಹೇಳಿರೋ ಸುಳ್ಳು ಒಂದೇ. ನನ್ನ ಅಮ್ಮ ಮಾಡೋ ಮೊಲದ ಸಾರು ಚೆನ್ನಾಗಿದೆ ಅಂದಿದ್ದು," ಎಂದ.

ಜೆಮ್ಮಾ ನಗಲಿಲ್ಲ. ಕಾಗದವನ್ನು ಮಡಿಸಿ ಲಿನೊನ ಕಡೆ ತಳ್ಳಿದಳು. "ನಾನು ಓಡಿಹೋಗಿ ದೂರು ಹೇಳೋಳಲ್ಲ. ನಿಮ್ಮ ಹಾಡು ಕೆಡಲಿ ಅಂತಾನೂ ಇಲ್ಲ. ಆದ್ರೆ ಇದಕ್ಕೆ ಸಹಿ ಹಾಕಲ್ಲ. ಅವರು ಕರೆದು ಕೇಳಿದ್ರೆ ಇದ್ದದ್ದು ಹೇಳ್ತೀನಿ."

"ಏಳು ವರ್ಷ ಜತೆಗೆ ಕೆಲಸ ಮಾಡಿದೀವಿ ಜೆಮ್ಮಾ."

"ಅದಕ್ಕೇ ಮೊದಲು ನಂಗೇ ಹೇಳ್ಬೇಕಿತ್ತು."

ಅವರು ಕರೆದರು. ಮುಂದಿನ ಗುರುವಾರ ರಾಜಧಾನಿ ವಲ್ಲೆಟ್ಟಾದ ಕಚೇರಿಯೊಂದರಲ್ಲಿ ಮೂವರು ಕುಳಿತಿದ್ದರು. ನಡುವೆ ಅಧ್ಯಕ್ಷ ಅಜ್ಜೊಪಾರ್ದಿ, ಎಡಕ್ಕೆ ಸಿನ್ಯೋರಾ ಅಟಾರ್ಡ್, ಬಲಕ್ಕೆ ಒಬ್ಬ ವಕೀಲ. ಚೀಟಿಯ ಅಕ್ಷರ ನನ್ನದು ಎಂಬ ಕಾರಣಕ್ಕೆ ನನ್ನನ್ನೂ ಕರೆದಿದ್ದರು. ಕೇಳಿದರು, ಹೌದೆಂದೆ. ಆಮೇಲೆ ಅಜ್ಜೊಪಾರ್ದಿ ಜೆಮ್ಮಾಳ ಕಡೆ ತಿರುಗಿದರು.

"ಕ್ಯಾಸೆಟ್ಟಲ್ಲಿ ಹಾಡಿರೋದು ಯಾರು?"

"ನಾನು."

"ನಾಲ್ಕು ಸಾಲು ಹಾಡ್ತೀರಾ?"

"ಹಾಡ್ತೀನಿ. ಶ್ರುತಿ ಬೇಕು."

ಅಲ್ಲಿ ಪಿಯಾನೊ ಇರಲಿಲ್ಲ. ಸಿನ್ಯೋರಾ ಅಟಾರ್ಡ್ ಗಂಟಲು ಸರಿಮಾಡಿಕೊಂಡು ಸಣ್ಣಗೆ ಗುನುಗಿ ಶ್ರುತಿ ಕೊಟ್ಟರು. ಜೆಮ್ಮಾ ತೊಡೆಯ ಮೇಲಿನ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಲ್ಲೇ ಹಾಡಿದಳು. ನಾಲ್ಕು ಸಾಲಿಗೆ ನಿಲ್ಲಿಸಿದಳು. ವಕೀಲ ಏನೋ ಬರೆದುಕೊಂಡ.

ತೀರ್ಮಾನ ಸರಳವಾಗಿತ್ತು. ನಿಯಮದ ಪ್ರಕಾರ ಕ್ಯಾಸೆಟ್ಟಿನ ದನಿಯೇ ವೇದಿಕೆಗೂ ಬರಬೇಕು, ಇಲ್ಲವೇ ಹಾಡು ಹಿಂತೆಗೆದುಕೊಳ್ಳಬೇಕು. ಆಯ್ಕೆಯನ್ನು ಲಿನೊನಿಗೆ ಬಿಟ್ಟರು. ಅವನು ಒಂದು ದಿನ ಯೋಚಿಸಿ ಜೆಮ್ಮಾಳನ್ನು ಆರಿಸಿದ. ದೊಡ್ಡ ಮನಸ್ಸಿನಿಂದಲ್ಲ. ಅಂತಿಮ ಸುತ್ತು ಬಿಟ್ಟುಕೊಡಲು ಅವನಿಂದ ಆಗಲಿಲ್ಲ.

ಸುದ್ದಿ ಪತ್ರಿಕೆಗೆ ಬಿತ್ತು. ಅಭ್ಯಾಸದಂತೆ ದ್ವೀಪದ ಜನ ಎರಡು ಪಾಲಾದರು. ರೊಮಿನಾಳ ಕಡೆಯವರು "ಜಿಪ್ಪಿನವಳು" ಎಂದು ಹೆಸರಿಟ್ಟರು. ಜಿಪ್ ಸಾಲಿನ ಹೆಂಗಸರು ಆ ಹೆಸರನ್ನೇ ಎತ್ತಿಕೊಂಡು ಕಾಗದದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಹಚ್ಚಿದರು. ಊಟದ ಬಿಡುವಿನಲ್ಲಿ ಅವಳಿಗೆ ಕಡುನೀಲಿ ಬಟ್ಟೆಯ ಉದ್ದ ಉಡುಪು ಹೊಲಿದರು. ಬೆನ್ನಿನ ಜಿಪ್ ಯಾರು ಹಾಕಬೇಕೆಂದು ಜಗಳವೂ ಆಯಿತಂತೆ.

"ಹೆದರಿಕೆ ಆಗ್ತಿದೆಯಾ?" ಎಂದು ನಾನೊಮ್ಮೆ ಕೇಳಿದೆ.

"ಇಲ್ಲ ಕಣೋ. ಖುಷಿ ಆಗ್ತಿದೆ. ಅದನ್ನೇ ಯಾರಿಗೂ ಹೇಳಕ್ಕಾಗ್ತಿಲ್ಲ. ಲಿನೊ ಮುಖ ನೋಡಿದ್ರೆ ಕಳ್ಳತನ ಮಾಡಿದ ಹಾಗನ್ಸತ್ತೆ."

ನಾನು ಆಗ ಕ್ಷಮೆ ಕೇಳಿದೆ, ಚೀಟಿ ಬರೆದದ್ದಕ್ಕೆ. "ನಿನ್ನ ಅಕ್ಷರ ಕೆಟ್ಟದಾಗಿದೆ," ಎಂದಳು, ಅಷ್ಟೇ.

ಅಂತಿಮ ಸುತ್ತಿನಲ್ಲಿ ಅವಳಿಗೆ ಹದಿಮೂರನೇ ಸರದಿ. ನಲವತ್ತೊಂದು ವರ್ಷದ ಹೆಂಗಸು, ಕನ್ನಡಕವಿಲ್ಲದೆ, ಸ್ವಲ್ಪ ಬಿಗಿದ ಭುಜಗಳು. ಮುಂಚಿನವರು ಕುಣಿದಿದ್ದರು, ಹೊಗೆ ಹಾಯಿಸಿದ್ದರು. ಇವಳು ನಿಂತಲ್ಲೇ ನಿಂತು ಗ್ಯಾರೇಜಿನಲ್ಲಿ ಹಾಡಿದ ಹಾಗೇ ಹಾಡಿದಳು. ಒಂದು ಸ್ವರವೂ ತಪ್ಪಲಿಲ್ಲ. ಚಪ್ಪಾಳೆ ಬಂತು, ಮರ್ಯಾದೆಯ ಚಪ್ಪಾಳೆ. ಝೈತೂನ್‌ನಿಂದ ಎರಡು ಬಸ್ಸಿನಲ್ಲಿ ಬಂದವರು ಮಾತ್ರ ಎದ್ದು ನಿಂತರು. ಅಂಕ ಎಣಿಸಿದಾಗ ಇಪ್ಪತ್ತರಲ್ಲಿ ಒಂಬತ್ತನೆಯ ಸ್ಥಾನ.

ತಪ್ಪು ತೀರ್ಪು ಎಂದು ನಾನು ಹೇಳಲಾರೆ. ಕ್ಯಾಸೆಟ್ಟಿನಲ್ಲಿ ಆ ದನಿ ಕಿವಿಯ ಪಕ್ಕದಲ್ಲೇ ಇರುತ್ತಿತ್ತು. ಅಷ್ಟು ದೊಡ್ಡ ಸಭಾಂಗಣದಲ್ಲಿ ಅದು ಅರ್ಧ ದಾರಿಯಲ್ಲೇ ನಿಂತಿತು. ಹೊರಗೆ ಮೆಟ್ಟಿಲ ಮೇಲೆ ಸಲ್ವು ಅವಳಿಗೆ ಕೋಟು ಹೊದಿಸುತ್ತಿದ್ದಾಗ ಅವಳೇ ಅದನ್ನು ಹೇಳಿದಳು. "ಆ ದೀಪದಲ್ಲಿ ಒಂದು ಮುಖಾನೂ ಕಾಣ್ಲಿಲ್ಲ ಝಾರೆನ್. ಯಾರಿಗೆ ಹಾಡ್ತಿದೀನಿ ಅಂತ ಗೊತ್ತಾಗ್ಲಿಲ್ಲ."

ಲಿನೊ ಮಾತಾಡಿಸದೆ ಹೋದ. ಅವಳು ಸೋಮವಾರ ಕೆಲಸಕ್ಕೆ ಹೋದಳು. ಜಿಪ್ ಸಾಲಿನಲ್ಲಿ ಸದಾ ಗುನುಗುತ್ತಿದ್ದವಳು ಮೂರು ವಾರ ಬಾಯಿಬಿಡಲಿಲ್ಲ ಎಂದು ಅವಳ ಗೆಳತಿಯರು ನನಗೆ ಹೇಳಿದರು. ದುಃಖವೇ ಎಂದು ಕೇಳಿದವರಿಗೆ, "ಇಲ್ಲ, ಹಾಡೆಲ್ಲಾ ಖಾಲಿ ಆಗಿದೆ, ಮತ್ತೆ ತುಂಬ್ಕೊಳ್ಳತ್ತೆ," ಎಂದಳಂತೆ.

ಅವಳು ನಿಜ ಹೇಳಿದ್ದರಿಂದ ಹೋದದ್ದು ಗ್ಯಾರೇಜಿನಲ್ಲಿದ್ದ ಅವಳ ಕೆಲಸವೇ. ಮುಂದಿನ ವರ್ಷದಿಂದ ಆ ನಿಯಮವನ್ನು ಯಾರೂ ಮೀರಲು ಹೋಗಲಿಲ್ಲ. ಗಾಯಕಿಯರು ತಾವೇ ಬಂದು ಹಾಡತೊಡಗಿದರು. ಮಾದರಿ ಹಾಡುವವಳು ಬೇಡವಾದಳು. ಒಂದು ವರ್ಷ ಅವಳು ಗ್ಯಾರೇಜಿನ ಕಡೆ ತಲೆಹಾಕಲಿಲ್ಲ. ನನಗೆ ಕರೆಯಲು ಮುಖವಿರಲಿಲ್ಲ.

ಎರಡನೇ ವರ್ಷ ಅಕ್ಟೋಬರಿನಲ್ಲಿ ರೊಮಿನಾ ಹೊಸ ಹಾಡಿನೊಂದಿಗೆ ಬಂದಳು. ಮಧ್ಯಾಹ್ನವೆಲ್ಲ ಹಾಡಿದರೂ ಎರಡನೇ ಚರಣ ಕೂರಲಿಲ್ಲ. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟು ಕೇಳಿದಳು.

"ಜೆಮ್ಮಾ ಈಗ ಎಲ್ಲಿ?"

"ಕಾರ್ಖಾನೇಲಿ. ಯಾಕೆ?"

"ನಂಗೆ ಹಾಡುಗಳನ್ನ ಕಲಿಸ್ತಿದ್ದದ್ದು ಅವಳ ಕ್ಯಾಸೆಟ್ಟೇ ಅಲ್ವಾ. ಅದಿಲ್ದೆ ಹಾಡು ಹೇಗಿದೆ ಅಂತಾನೇ ಗೊತ್ತಾಗ್ತಿಲ್ಲ. ಕರೀತೀಯಾ? ನಾನು ಕರೆದೆ ಅಂದ್ರೆ ಬರ್ತಾಳಾ?"

ಬಂದಳು. ಕೈ ತೊಳೆದುಕೊಂಡು ಕನ್ನಡಕ ಹಾಕಿಕೊಂಡಳು.

"ಪತ್ರಿಕೇಲಿ ಜಿಪ್ಪಿನವಳು ಅಂದಿದ್ದು ನಾನಲ್ಲ," ಎಂದಳು ರೊಮಿನಾ.

"ಅಂದಿದ್ರೂ ತಪ್ಪಿಲ್ಲ. ನಾನು ಜಿಪ್ಪಿನೋಳೇ. ಎಲ್ಲಿ, ಹಾಡು ಕೊಡು."

ಎರಡು ಸಲ ಕೇಳಿಸಿಕೊಂಡು ಮೂರನೇ ಸಲಕ್ಕೆ ಹಾಡಿದಳು. ಯಂತ್ರ ನಿಲ್ಲಿಸಿದ್ದೆ. ರೊಮಿನಾ ಕೆಳಗೆ ಕುಳಿತು, ಮೊಣಕಾಲು ತಬ್ಬಿಕೊಂಡು ಕೇಳಿದಳು. ಆಮೇಲೆ ಎದ್ದು ಹಾಡಿದಳು, ಜೆಮ್ಮಾ ತಡೆದಳು, ಮತ್ತೆ ಹಾಡಿದಳು. "ಆ ಪದದ ಮೇಲೆ ಅಷ್ಟು ಹೊತ್ತು ಕೂರ್ಬೇಡ. ನಿನ್ನ ನೀನೇ ಮೆಚ್ಚಿಕೊಳ್ಳೋಕೆ ಅದು ಜಾಗ ಅಲ್ಲ. ಕೊನೇಲಿ ಬೇಕಾದಷ್ಟಿದೆ." ರೊಮಿನಾ ಕೆಂಪಾದಳು. ಆದರೆ ಕೇಳಿದಳು. ಹಾಡು ಕೂತಿತು.

ಆ ವರ್ಷ ರೊಮಿನಾ ಎರಡನೆಯವಳಾದಳು. ಅದಾದ ಮೇಲೆ ಬೇರೆಯವರೂ ಜೆಮ್ಮಾಳನ್ನು ಹುಡುಕಿಕೊಂಡು ಬರತೊಡಗಿದರು. ಧ್ವನಿಮುದ್ರಣಕ್ಕೆ ಮುಂಚೆ ಹಾಡನ್ನು ಒಮ್ಮೆ ಅವಳ ಬಾಯಲ್ಲಿ ಕೇಳಿಸಿಕೊಂಡು ಹೋಗುವುದು ವಾಡಿಕೆಯಾಯಿತು. ಅವಳ ಹೆಸರು ಯಾವ ಪಟ್ಟಿಯಲ್ಲೂ ಬರುತ್ತಿರಲಿಲ್ಲ, ಅವಳು ಕೇಳಲೂ ಇಲ್ಲ. ಲಿನೊ ನಾಲ್ಕನೇ ವರ್ಷ ಒಂದು ಪೊಟ್ಟಣ ಚೀಸ್ ತುಂಬಿದ ಬಿಸಿ ಪಸ್ತಿತ್ಸಿ ಪಫ್ ಹಿಡಿದುಕೊಂಡು ಬಂದ. ನೇರ ಹೋಗಿ ಪಿಯಾನೊದ ಮುಂದೆ ಕುಳಿತ. ಜೆಮ್ಮಾ ಒಂದು ಪಸ್ತಿತ್ಸಿ ತಿಂದು, ಬಾಯಿ ಒರೆಸಿಕೊಂಡು, "ನುಡಿಸಿ ಸುರ್ ಲಿನೊ," ಎಂದಳು.

ಕಾರ್ಖಾನೆ ಮುಚ್ಚಿ ಈಗ ಬಹಳ ಕಾಲವಾಯಿತು. ಅವಳಿಗೆ ಮೊಮ್ಮಕ್ಕಳಾಗಿದ್ದಾರೆ, ದನಿ ಇಳಿದಿದೆ. ಹಾಡು ಕಟ್ಟುವವರು ಈಗ ಫೋನಿನಲ್ಲೇ ಅವಳಿಗೆ ಹಾಡಿ ಕೇಳಿಸುತ್ತಾರೆ. ಒಲೆಯ ಮೇಲಿನದನ್ನು ಕೈಯಾಡಿಸುತ್ತಲೇ ಕೊನೆಯವರೆಗೂ ಕೇಳುತ್ತಾಳೆ. ಹಿಡಿಸಿದರೆ ತಾನೂ ಒಂದೆರಡು ಸಾಲು ಹಾಡಿ ತೋರಿಸುತ್ತಾಳೆ. ಹಿಡಿಸದಿದ್ದರೆ, "ಎರಡನೇ ಚರಣ ಉದ್ದ ಆಯ್ತಪ್ಪ," ಎಂದು ಫೋನು ಇಡುತ್ತಾಳೆ.