ದೋಣಿ ಪಂಪಿನ ಬ್ಲೇಡು ತಿರುವುವ ತಾಹೇರಾ

ಬಸವಕಲ್ಯಾಣದ ಹೊರಗಿನ ಕೆರೆ ದಂಡೆಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ದಡಕ್ಕೆ ಎಳೆದಿಟ್ಟ ದೋಣಿಯ ಹಿಂದೆ ಕೂತು ತಾಹೇರಾ ಅದರ ಪಂಪಿನೊಳಗೆ ಮೊಣಕೈತನಕ ಕೈ ತೂರಿಸಿದ್ದಾರೆ. ಕೈಗೆ ಬಂದದ್ದು ಚೆಂಡುಹೂವಿನ ದಾರ.

“ಐದನೇ ದಿನದ ಗಣಪತಿದು ನೋಡ್ರಿ. ಇದೊಂದು ಸಿಕ್ಕರ ಸಾಕು, ನೀರು ಎಳೆಯಂಗಿಲ್ಲ,” ಎನ್ನುತ್ತಾರೆ.

ದೋಣಿ ಎಂದರೆ ಹುಟ್ಟು ಎಂದುಕೊಂಡಿದ್ದ ನನಗೆ ಇದು ಹೊಸದು. ಈ ಜೆಟ್ ದೋಣಿಗೆ ಹೊರಗೆ ತಿರುಗುವ ಪಂಖವಿಲ್ಲ. ಒಳಗಿನ ಪಂಪು ತಳದಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ನೀರಿನಲ್ಲಿ ಜನ ಇರುವಾಗ ಇದೇ ಕ್ಷೇಮವೆಂದು ಊರಿನ ಯುವಕ ಸಂಘದವರು ಹಳೆಯದೊಂದನ್ನು ತಂದಿದ್ದಾರೆ. ನಾಳೆ ಕೊನೆಯ ದಿನದ ವಿಸರ್ಜನೆ. ಯಾರಾದರೂ ಮುಳುಗಿದರೆ ಮೊದಲು ಮುಟ್ಟಬೇಕಾದದ್ದು ಇದೇ.

ತಾಹೇರಾ ಅವರದು ಹುಮನಾಬಾದ್ ರಸ್ತೆಯಲ್ಲಿ ಪಂಪು ರಿಪೇರಿ ಅಂಗಡಿ. ೧೯೯೧ರಲ್ಲಿ ತಂದೆಯ ಕೈಗೆ ನಡುಕ ಬಂದಾಗ ತಾವೇ ಸುತ್ತಿಗೆ ಹಿಡಿದರು. “ಉಸ್ತಾದ್ ಎಲ್ಲಿ?” ಎಂದು ಆಗ ತಂದೆಯನ್ನೇ ಹುಡುಕುತ್ತಿದ್ದ ಮೋರಖಂಡಿಯ ರೈತರು ಈಗ ಪಂಪು ಇಳಿಸಿ, ಚಹಾ ಕುಡಿದು ಕಾಯುತ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಪಂಪು.

ಆದರೆ ಹೋದ ವರ್ಷ, ಅಂದರೆ ೨೦೦೫ರಲ್ಲಿ, ಇವರ ಕೈ ತಪ್ಪಿತು. ನೀರು ಹೆಚ್ಚು ನೂಕಲೆಂದು ಇದೇ ದೋಣಿಯ ಇಂಪೆಲ್ಲರಿನ, ಅಂದರೆ ಪಂಪಿನೊಳಗೆ ತಿರುಗುವ ಚಕ್ರದ, ಬ್ಲೇಡುಗಳನ್ನು ಕಾಸಿ ಇನ್ನಷ್ಟು ತಿರುವಿದರು. ಅದು ಹೊಲದ ಪಂಪಿನ ರೂಢಿ. ಕರೆಂಟಿನ ಮೋಟಾರು ಭಾರ ಬಿದ್ದರೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ತಿರುಗುತ್ತದೆ. ದೋಣಿಯ ಎಂಜಿನ್ ಹಾಗಲ್ಲ, ಭಾರ ಹೆಚ್ಚಾದರೆ ವೇಗವೇ ಬಿದ್ದುಹೋಗುತ್ತದೆ. ವಿಸರ್ಜನೆಯ ತೆಪ್ಪದಿಂದ ಒಬ್ಬ ಜಾರಿ ಬಿದ್ದಾಗ ಎಂಜಿನ್ ತಿಣುಕಿತೇ ಹೊರತು ವೇಗ ಏರಲಿಲ್ಲ. ದೋಣಿ ನಡೆಸುವ ಲಾಲ್ ಅಹ್ಮದ್ ನೀರಿಗೆ ಹಾರಿ, ಈಜಿ ಹೋಗಿ ಎಳೆದು ತಂದರು.

“ಬದುಕಿದ, ಖರೆ. ಆದರ ಅವನ ಹೆಂಡ್ತಿ ಒದರಿದ್ದು ಇನ್ನೂ ನನ್ನ ಕಿವ್ಯಾಗ ಅದರಿ,” ಎನ್ನುತ್ತ ತಾಹೇರಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

ಹಾಗಾದರೆ ಎಷ್ಟು ತಿರುವಬೇಕು? “ನೇಗಿಲ ಆಳಕ್ಕ ಹಾಕಿದ್ರ ಮಣ್ಣು ಭಾಳ ಏಳತದ. ಎತ್ತಿಗೆ ದಮ್ಮು ಬೇಕಲ್ರಿ? ಮ್ಯಾಲೆ ಮ್ಯಾಲೆ ಹಾಕಿದ್ರ ಎತ್ತು ಓಡತಾವ, ಹೊಲ ಹಾಂಗೇ ಉಳೀತದ.”

ಈ ವರ್ಷ ಅದನ್ನೂ ನೋಡಿಯಾಗಿದೆ. ಬ್ಲೇಡು ತೀರಾ ಚಪ್ಪಟೆಯಾದಾಗ ಎಂಜಿನ್ ಅರಚಿಕೊಂಡಿತು, ದೋಣಿ ತೆವಳಿತು. ಆಮೇಲೆ ಕೂದಲೆಳೆಯಷ್ಟು ತಿರುವುವುದು, ತಗಡಿನ ಅಚ್ಚು ಹಿಡಿದು ಮೂರೂ ಬ್ಲೇಡು ಒಂದೇ ಓರೆಯಲ್ಲಿವೆಯೇ ಎಂದು ನೋಡುವುದು, ಮತ್ತೆ ಕೆರೆಗೆ ಬಿಡುವುದು.

ದೋಣಿ ನೀರಿಗಿಳಿಯುತ್ತದೆ. ಎಂಜಿನ್ ದನಿ ಏರುತ್ತದೆ, ಎಲ್ಲೂ ಮುಗ್ಗರಿಸುವುದಿಲ್ಲ. ಕೆರೆಯ ನಡುವಿನಿಂದ ಲಾಲ್ ಅಹ್ಮದ್ ಕೂಗುತ್ತಾರೆ: “ಆಪಾ, ಹಿಡಿದ್ರ ನಿಲ್ಲವಲ್ದು!”

ತಾಹೇರಾ ನಗುತ್ತಾರೆ. ನಾಳೆ ಜನ ಇದರ ಓಟ ನೋಡಬೇಕು ಎಂದು ನಾನೆಂದರೆ ತಲೆಯಾಡಿಸುತ್ತಾರೆ.

“ಬ್ಯಾಡ್ರಿ ಸಾಹೇಬ್ರ. ಹ್ಯಾಂಗ ಓಡತದ ಅಂತ ನನಗ ಗೊತ್ತಾತು, ಸಾಕು. ನಾಳೆ ಯಾರೂ ಬೀಳಬಾರದು, ಅದು ದಿನಪೂರ್ತಿ ದಂಡಿಗೇ ನಿಂತಿರಲಿ.”