ಕಂಪನಿಯವರ ಫೋಟೋ

ಹೈದರಾಬಾದಿನ ನಮ್ಮ ದೊಡ್ಡ ಕಂಪನಿಯ ವಾರ್ಷಿಕೋತ್ಸವದ ದಿನ. ಎಲ್ಲರೂ ಗ್ರೂಪ್ ಫೋಟೋಗೆ ನಿಂತಾಗ, ಮಹಡಿ ಗುಡಿಸಿ ಒರೆಸುವ ಯಾದಗಿರಿಯ ಬಸಮ್ಮನೂ ಹೊಸ ಸೀರೆ ಉಟ್ಟು ಕೊನೆಯ ಸಾಲಿಗೆ ಬಂದು ನಿಂತರು.

ಮ್ಯಾನೇಜರ್ ನನ್ನ ಕಿವಿಯಲ್ಲಿ, "ನಿಮ್ಮ ಭಾಷೆಯವಳಲ್ಲವೇ, ನೀವೇ ಹೇಳಿ ಕಳಿಸಿ," ಎಂದರು.

ನಾನು ಹೋಗಿ ಹೇಳಿದೆ: "ಬಸಮ್ಮಕ್ಕ, ಈ ಫೋಟೋ ಕಂಪನಿಯವ್ರಿಗಷ್ಟ ಅಂತ. ನೀವು ಕಾಂಟ್ರಾಕ್ಟರ್ ಕಡೆಯವರಂತ."

"ಹತ್ತು ವರ್ಷ ಆತಲ್ರಿ, ಇಲ್ಲೇ ನೆಲ ಒರಸಾಕತ್ತೀನಿ. ನಾ ಮತ್ತ ಯಾವ ಕಂಪನಿಯಾಕಿ?"

ನಾನು ಮ್ಯಾನೇಜರ್ ಕಡೆ ತಿರುಗಿ ನೋಡಿದೆ. ಆಕೆಯೇ, "ಹೋಗ್ಲಿ ಬಿಡ್ರಿ, ನೀವ್ಯಾಕ ಮಾರಿ ಸಣ್ಣದ ಮಾಡ್ಕೋತೀರಿ," ಎಂದು ನನ್ನನ್ನು ಸಮಾಧಾನಪಡಿಸಿ ಒಳಗೆ ಹೋದರು. ನಾನು ಸಾಲಿಗೆ ಮರಳಿದೆ. ನಗಿರಿ ಎಂದಾಗ ನಕ್ಕೆ.

ಆ ಆಫೀಸಿನಲ್ಲಿ ನನ್ನ ಕನ್ನಡ ಕೆಲಸಕ್ಕೆ ಬಂದದ್ದು ಅದೊಂದೇ ಸಲ.